ಬರೆಯಬೇಕು ಅಂತ ಉಂಟು, ಬರೆಯುವುದೇ ಇಲ್ಲ. ನೀವೆಲ್ಲ ಹೇಗೆ ಬರೆಯುತ್ತೀರಿ?

ಮುಳ್ಳೇರಿಯ ಲಾಸ್ಟ್ ಬಸ್

ಕಾಸರಗೋಡಿನಲ್ಲಿ ಡಿಗ್ರಿ ಕೊನೆಯ ವರ್ಷ ಓದುತ್ತಿದ್ದೇನೆ. ಕನ್ನಡವೇ ಮುಖ್ಯ ವಿಷಯ. ನಮ್ಮ ಕಾಲೇಜು ಮ್ಯಾಗಝಿನ್‌ನಲ್ಲಿ ಮಲಯಾಳ, ಇಂಗ್ಲಿಷ್ ಆದಮೇಲೆ ಕನ್ನಡಕ್ಕೂ ಸ್ವಲ್ಪ ಪುಟ ಉಂಟು. ಅದಕ್ಕೆ ಒಂದು ಲೇಖನ ಕೊಡುತ್ತೇನೆ ಅಂತ ನಾನೇ ಮುಂದೆ ಬಿದ್ದು ಹೇಳಿದ್ದೆ. ವಿಷಯವೂ ನಾನೇ ಆರಿಸಿದ್ದು: ಮಳೆಗಾಲದ ಬಾಗಿಲಲ್ಲಿ ಅಡಿಕೆಗೆ ಮದ್ದು ಬಿಡುವ ದಿನ. ತಲೆಯೊಳಗೆ ಎಲ್ಲ ಇದೆ. ಡ್ರಮ್ಮು, ಮೈಲುತುತ್ತು, ಅಪ್ಪ ಚೂರಿ ಅದ್ದಿ ನೋಡುವುದು, ಮದ್ದು ಬಿಡುವವರಿಗೆ ಹತ್ತು ಗಂಟೆಯ ಚಹಾ. ಕಾಗದದ ಮೇಲೆ ಮಾತ್ರ ಏನೂ ಇಲ್ಲ.

ಕೂತ ಕೂಡಲೇ ಬೇರೆ ಕೆಲಸವೆಲ್ಲ ನೆನಪಾಗುತ್ತದೆ. ಕಪಾಟು ಒರೆಸುತ್ತೇನೆ. ಅಜ್ಜಿಯ ಮಾತ್ರೆ ಡಬ್ಬಿ ಜೋಡಿಸುತ್ತೇನೆ. ಗೂಗಲ್ ಡಾಕ್ಸ್ ತೆರೆದು ಫಾಂಟ್ ಬದಲಿಸುತ್ತೇನೆ. ಇವಳಿಗೆ ಯಾವಾಗಿಂದ ಇಷ್ಟು ಶಿಸ್ತು ಬಂತು ಅಂತ ಅಜ್ಜಿಗೇ ಆಶ್ಚರ್ಯ. ಫೋನಿನ ನೋಟ್ಸ್‌ನಲ್ಲಿ ಶೀರ್ಷಿಕೆಗಳ ಪಟ್ಟಿ ಉದ್ದ ಆಗುತ್ತಾ ಹೋಗುತ್ತಿದೆ, ಒಂದಕ್ಕೂ ಕೆಳಗೆ ಲೇಖನ ಇಲ್ಲ. ಸಂಜೆ ಬಸ್ಸಿನಲ್ಲಿ ಚೆರ್ಕಳ ದಾಟಿ ಬೋವಿಕ್ಕಾನ ಬರುವಷ್ಟರಲ್ಲಿ ಒಂದು ಇಡೀ ಪ್ಯಾರಾ ತಯಾರಾಗಿರುತ್ತದೆ. ಮನೆಯಲ್ಲಿ ಚಪ್ಪಲಿ ಬಿಡುವಾಗ ಅದೂ ಹೋಗಿರುತ್ತದೆ.

ವಿಚಿತ್ರ ಅಂದರೆ ಶಾಲೆಯಲ್ಲಿದ್ದಾಗ ನನಗೆ ಈ ರೋಗ ಇರಲಿಲ್ಲ. ಕಲೋತ್ಸವದಲ್ಲಿ ಕನ್ನಡ ಕಥಾರಚನೆಗೆ ಹೋಗುತ್ತಿದ್ದೆ. ವಿಷಯ ಅಲ್ಲೇ ಕೊಡುತ್ತಾರೆ. ಬೆಲ್ ಹೊಡೆಯುವ ಮೊದಲು ಬರೆದು ಕೊಡಬೇಕು. ಸುಮ್ನೆ ಬರೆದು ಕೊಟ್ಟು ಬರುತ್ತಿದ್ದೆ. ಈಗ ಬೆಲ್ ಹೊಡೆಯುವವರು ಯಾರೂ ಇಲ್ಲ.

ಇನ್ನೊಂದು ತೊಂದರೆ ಉಂಟು, ನಮ್ಮ ಊರಿನವರಿಗೆ ಗೊತ್ತಾಗಬಹುದು. ಫೋನಿನಲ್ಲಿ ಕ್ಲಾಸಿನವರ ಜೊತೆ ಮಲಯಾಳ. ಅಣ್ಣನ ಜೊತೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಕನ್ನಡ ಅಕ್ಷರದಲ್ಲಿ ನಾನು ಬರೆಯುವುದು ಪರೀಕ್ಷೆಯಲ್ಲಿ ಮಾತ್ರ. ಹಾಗಾಗಿ ಕನ್ನಡ ಕೀಬೋರ್ಡ್ ತೆರೆದರೆ ಸಾಕು, 'ಅಡಿಕೆಯು ಕರಾವಳಿಯ ಪ್ರಮುಖ ವಾಣಿಜ್ಯ ಬೆಳೆಯಾಗಿದೆ' ಅಂತಲೇ ಶುರುವಾಗುತ್ತದೆ. ಐದು ಮಾರ್ಕಿನ ಉತ್ತರ. ಅದನ್ನು ಓದಿ ನನಗೇ ಬೇಜಾರಾಗಿ ಫೋನ್ ಕೆಳಗಿಡುತ್ತೇನೆ.

ನೀವು ಯಾವಾಗ ಬರೆಯುತ್ತೀರಿ, ಎಲ್ಲಿ ಕೂತು ಬರೆಯುತ್ತೀರಿ? ಮನಸ್ಸು ಬರುವವರೆಗೆ ಕಾಯುತ್ತೀರಾ? 'ಪ್ರಯತ್ನ ಮಾಡಿ, ಆಗುತ್ತದೆ' ಅಂತ ಹೇಳುವವರು ದಯವಿಟ್ಟು ಬೇಡ, ಅದನ್ನು ಹೇಳಲು ಮನೆಯಲ್ಲೇ ಜನ ಇದ್ದಾರೆ.

ಕುಂಬಳೆ ಸ್ಟೇಷನ್

ತಲೆಬಿಸಿ ಮಾಡಬೇಡಿ ಅಕ್ಕ. ಮಂಜೇಶ್ವರದ ಕವಿ ಗೋವಿಂದ ಪೈಗಳು ಹುಟ್ಟಿದ್ದು 1883ರಲ್ಲಿ. ಮೊದಲ ಕವನ ಸಂಕಲನ 'ಗಿಳಿವಿಂಡು' ಬಂದದ್ದು 1930ರಲ್ಲಿ. ಲೆಕ್ಕ ಹಾಕಿ. ನಮಗೆ ಇನ್ನೂ ಧಾರಾಳ ಟೈಮ್ ಉಂಟು. ಅಸೈನ್‌ಮೆಂಟ್ ತಡವಾದಾಗ ನಾನು ಮೇಡಂ ಹತ್ತಿರ ಇದೇ ಲೆಕ್ಕ ಹೇಳಿದ್ದೆ. ಅವರು ನಗಲಿಲ್ಲ.

ನಾನು ಬರೆಯುವುದು ಕೊಡಬೇಕಾದ ದಿನದ ಹಿಂದಿನ ರಾತ್ರಿ. ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಕೋಣೆಯ ಮೇಜಿನಲ್ಲಿ. ಅಲ್ಲಿ ವೈಫೈ ಸಿಗುವುದಿಲ್ಲ, ಅದೇ ಕಾರಣ. ಚೆನ್ನಾಗಿ ಬರುತ್ತದೆ ಅಂತ ನನ್ನ ಅಭಿಪ್ರಾಯ. ಬೆಳಿಗ್ಗೆ ಟ್ರೈನಿನಲ್ಲಿ ಓದಿ ನೋಡಿದರೆ ಅಭಿಪ್ರಾಯ ಬದಲಾಗುತ್ತದೆ, ಆದರೆ ಅಷ್ಟು ಹೊತ್ತಿಗೆ ತಿದ್ದಲು ಟೈಮ್ ಇರುವುದಿಲ್ಲ ಅಲ್ವಾ. ಹಾಗೆ ಕೊಟ್ಟುಬಿಡುತ್ತೇನೆ.

ನೀರ್ಚಾಲಿನ ಹಳೆ ಮೇಷ್ಟ್ರು

ಕುಂಬಳೆಯವರೇ, ನಿಮ್ಮ ಲೆಕ್ಕ ಸರಿ, ಅರ್ಥ ಮಾಡಿಕೊಂಡದ್ದು ಸರಿ ಇಲ್ಲ. ಪೈಗಳು ದ್ವಿತೀಯಾಕ್ಷರ ಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಹೊಂದಬೇಕೆಂಬ ನಿಯಮ, ಬಿಟ್ಟು ಪದ್ಯ ಬರೆಯಲು ಹೊರಟದ್ದು 1911ರಲ್ಲಿ. ಆಗ ಅವರಿಗೆ ಇಪ್ಪತ್ತೆಂಟು. ಪುಸ್ತಕ ತಡವಾಗಿ ಬಂತು, ಬರವಣಿಗೆ ತಡವಾಗಿ ಬಂದದ್ದಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳನ್ನೂ ನೋಡಿ. ಪೆರಡಾಲದ ಶಾಲೆಯಲ್ಲಿ ಪಾಠ, ಮನೆಗೆ ಬಂದರೆ ಕೃಷಿ, ನಡುವೆ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಹೋರಾಟ. ಅವರು ಸ್ಫೂರ್ತಿಗೆ ಕಾದು ಕೂತಿದ್ದರೆ ಆತ್ಮಕಥೆಗೆ 'ದುಡಿತವೇ ನನ್ನ ದೇವರು' ಅಂತ ಹೆಸರಿಡಲು ಧೈರ್ಯ ಬರುತ್ತಿರಲಿಲ್ಲ.

ಸ್ಫೂರ್ತಿ ಇಲ್ಲ ಅನ್ನುವುದು ಹೆಚ್ಚಿನ ಸಲ ಉದಾಸೀನವೇ. ನಾನು ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಹುಚ್ಚಿನವ, ಹಾಗಾಗಿ ನನಗೆ ಹೀಗೆ ಕಾಣುತ್ತದೆ: ಭಾಗವತರು ಪದ ಮುಗಿಸಿ ತಾಳ ನಿಲ್ಲಿಸಿದ ಮೇಲೆ ಮಾತು ಹೇಳಬೇಕಾದ ಅರ್ಥಧಾರಿ 'ಇವತ್ತು ಮನಸ್ಸಿಲ್ಲ, ನಾಳೆ ಹೇಳುತ್ತೇನೆ' ಅನ್ನಲು ಆಗುತ್ತದಾ? ಎದುರು ಜನ ಕೂತಿದ್ದಾರೆ. ಬಾಯಿ ತೆರೆಯಲೇಬೇಕು. ತೆರೆದರೆ ಏನೋ ಒಂದು ಬರುತ್ತದೆ, ಬಂದದ್ದರಿಂದ ಮುಂದಿನದು ಹುಟ್ಟುತ್ತದೆ.

ನಾನು ಓದುವ ಕಾಲದಲ್ಲಿ ಮಂಗಳೂರು ಆಕಾಶವಾಣಿಯ ಯುವವಾಣಿಗೆ ಬರೆಯುತ್ತಿದ್ದೆ. ರೆಕಾರ್ಡಿಂಗ್ ದಿನ ಅಂಚೆಯಲ್ಲಿ ಬರುತ್ತಿತ್ತು. ಆ ಕಾಗದ ಬಂದ ಮೇಲೆ ಮುಂದೂಡುವ ಪ್ರಶ್ನೆಯೇ ಇಲ್ಲ. ಇಷ್ಟು ನಿಮಿಷ ಅಂದರೆ ಇಷ್ಟೇ ನಿಮಿಷ. ಮನೆಯ ಗೋಡೆ ಗಡಿಯಾರ ನೋಡಿಕೊಂಡು ಅಮ್ಮನಿಗೆ ಓದಿ ಹೇಳುತ್ತಿದ್ದೆ. ಅಮ್ಮ ತೆಂಗಿನಕಾಯಿ ಹೆರೆಯುತ್ತಾ ಕೇಳುತ್ತಿದ್ದರು. ಹೆರೆಮಣೆಯ ಶಬ್ದ ನಿಂತರೆ ಆ ಜಾಗ ಚೆನ್ನಾಗಿದೆ ಅಂತ ಲೆಕ್ಕ. ಸ್ಟುಡಿಯೋದಲ್ಲಿ ಹಾಳೆ ಸರಕ್ ಅನ್ನಬಾರದು. ಅದಕ್ಕೆ ಪಿನ್ ತೆಗೆದು, ಒಂದೊಂದೇ ಹಾಳೆ ಎತ್ತಿ ಬದಿಗಿಡಬೇಕಿತ್ತು. ಹಾಳೆಯ ಕೊನೆಯಲ್ಲಿ ವಾಕ್ಯ ಅರ್ಧ ಆಗದ ಹಾಗೆ ಬರೆಯಲು ನಾನು ಕಲಿತದ್ದು ಅಲ್ಲಿಯೇ. ಯಾವ ಕ್ಲಾಸಿನಲ್ಲೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಮುಳ್ಳೇರಿಯದವರೇ, ಮ್ಯಾಗಝಿನ್‌ಗೆ ಬರೆಯುತ್ತೇನೆ ಅಂತ ಕೂರಬೇಡಿ. ಮ್ಯಾಗಝಿನ್‌ಗೆ ಕಿವಿ ಇಲ್ಲ. ಯಾರಿಗೆ ಓದಿ ಹೇಳುತ್ತೀರಿ ಅಂತ ಮೊದಲು ಗೊತ್ತು ಮಾಡಿ. ಅಜ್ಜಿ ಇದ್ದಾರಲ್ಲ.

ಉಪ್ಪಳದಿಂದ ಬೆಂಗಳೂರಿಗೆ

ಮೇಷ್ಟ್ರೇ, ನಿಮ್ಮ ಮಾತು ಹೆಚ್ಚಿನದು ಒಪ್ಪಿದೆ, 'ಉದಾಸೀನ' ಮಾತ್ರ ಒಪ್ಪುವುದಿಲ್ಲ. ಉದಾಸೀನದವರು ಕಪಾಟು ಒರೆಸುತ್ತಾರಾ? ಇವರು ಕೆಲಸ ಮಾಡುತ್ತಲೇ ಇದ್ದಾರೆ, ಬೇಕಾದ ಕೆಲಸ ಒಂದನ್ನು ಬಿಟ್ಟು.

ನಾನು ಸೈಕಾಲಜಿ ಎಂಎಸ್ಸಿ ಓದುತ್ತಿದ್ದೇನೆ, ಹಾಗಾಗಿ ಸ್ವಲ್ಪ ಕೊರೆಯುತ್ತೇನೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿದ್ದ ಟಿಮೊಥಿ ಪಿಚಿಲ್ ಅನ್ನುವವರು ಈ ಮುಂದೂಡುವ ಚಾಳಿಯ ಮೇಲೆ ತುಂಬ ಕೆಲಸ ಮಾಡಿದ್ದಾರೆ. ಅವರ ಪ್ರಕಾರ ಇದು ಸಮಯ ಹೊಂದಿಸಲು ಬಾರದ ತೊಂದರೆ ಅಲ್ಲ. ಆ ಕೆಲಸ ನೆನೆದಾಗ ಬರುವ ಕಿರಿಕಿರಿ, ಹೆದರಿಕೆ, ಬೇಸರದಿಂದ ತಪ್ಪಿಸಿಕೊಳ್ಳುವುದು. ಕಪಾಟು ಒರೆಸಿದರೆ ತಕ್ಷಣ ಹಾಯೆನಿಸುತ್ತದೆ, ಆ ಹಾಯಿಗಾಗಿಯೇ ಮನಸ್ಸು ಅಲ್ಲಿಗೆ ಓಡುತ್ತದೆ. ಐದು ಮಾರ್ಕಿನ ಉತ್ತರ ಓದಿ ಬೇಜಾರಾಯಿತು ಅಂದಿರಲ್ಲ, ನಿಮ್ಮ ಗಂಟು ಇರುವುದು ಅಲ್ಲಿ. ಟೈಮ್‌ಟೇಬಲ್ ಹಾಕಿದರೆ ಅದು ಬಿಚ್ಚುವುದಿಲ್ಲ.

ಗಡುವಿನ ಬಗ್ಗೆ ಮೇಷ್ಟ್ರು ಹೇಳಿದ್ದಕ್ಕೆ ಒಂದು ಪ್ರಯೋಗವೂ ಉಂಟು. ಅಮೆರಿಕದ ಎಂಐಟಿಯಲ್ಲಿ ಏರಿಯೆಲಿ, ವರ್ಟನ್‌ಬ್ರೋಕ್ ಅನ್ನುವ ಇಬ್ಬರು ಮಾಡಿದ್ದು, 2002ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳು ಒಂದು ಕೋರ್ಸಿನಲ್ಲಿ 3 ಪ್ರಬಂಧ ಬರೆಯಬೇಕಿತ್ತು. ಒಂದು ಗುಂಪಿಗೆ ಸಮ ಅಂತರದಲ್ಲಿ ಗಡುವು ಕೊಟ್ಟರು. ಇನ್ನೊಂದು ಗುಂಪಿಗೆ ನಿಮ್ಮ ಗಡುವು ನೀವೇ ಹಾಕಿಕೊಳ್ಳಿ ಅಂದರು. ಮೂರನ್ನೂ ಕೋರ್ಸಿನ ಕೊನೆಯ ದಿನಕ್ಕೆ ಇಟ್ಟುಕೊಳ್ಳಬಹುದಿತ್ತು, ಆದರೂ ಹೆಚ್ಚಿನವರು ಮೊದಲಿನ ದಿನಗಳನ್ನೇ ಬರೆದು ಕೊಟ್ಟರು. ತಮ್ಮ ಬುದ್ಧಿ ತಮಗೆ ಗೊತ್ತಿತ್ತು ಅಂತಾಯಿತು. ಆದರೆ ಮಾರ್ಕು ಜಾಸ್ತಿ ಬಂದದ್ದು ಸಮ ಅಂತರದ ಗುಂಪಿಗೆ. ಹಾಗಾಗಿ ಸಂಪಾದಕರಿಗೇ ಹೇಳಿ, ಲೇಖನವನ್ನು ತುಂಡು ತುಂಡಾಗಿ ಕೇಳಲಿ. ಮೊದಲ ತುಂಡಿಗೆ ಅವರೇ ದಿನ ಹಾಕಲಿ.

25 ನಿಮಿಷದ ಟೈಮರ್ ಇಟ್ಟು ಬರೆಯಿರಿ ಅಂತಲೂ ಹೇಳುವವರಿದ್ದಾರೆ. ನನಗೆ ಅದು ಆಗಿಬರಲಿಲ್ಲ. ಯಾವ ಟೈಮರ್ ಆ್ಯಪ್ ಚೆಂದ ಅಂತ ನೋಡುವುದರಲ್ಲೇ ಸಂಜೆ ಹೋಯಿತು.

ಚಂದ್ರಗಿರಿ ಸೇತುವೆ

ಕುಂಬಳೆಯವರು ಇನ್ನು ಲೇಖಕಿ ಸಾರಾ ಅಬೂಬಕ್ಕರ್ ಹೆಸರು ತೆಗೆಯುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೌದು, ಅವರು ನಮ್ಮ ಹೊಳೆಬದಿಯವರು. ಹೌದು, ಅವರ ಬರಹ ಪತ್ರಿಕೆಯಲ್ಲಿ ಬರಲು ಶುರುವಾದದ್ದು ನಲವತ್ತು ದಾಟಿದ ಮೇಲೆ. ಅದಕ್ಕೆ ಕಾರಣ ರೀಲ್ಸ್ ಅಲ್ಲ. ಹುಡುಗಿಯರು ಓದುವುದೇ ಬೇಡ ಅನ್ನುತ್ತಿದ್ದ ಕಾಲ, ಬೇಗ ಮದುವೆ, ಮಕ್ಕಳು, ಮನೆ. ತಡಮಾಡಿದ್ದಕ್ಕೂ ತಡವಾದದ್ದಕ್ಕೂ ವ್ಯತ್ಯಾಸ ಉಂಟು.

ನಾನು ಬಿ.ಎಡ್. ವಿದ್ಯಾರ್ಥಿನಿ, ಮನೆ ತಳಂಗರೆ. ಮನೆಯಲ್ಲಿ ಮಲಯಾಳ. ಶಾಲೆಯಲ್ಲಿ ಕನ್ನಡ ಮೀಡಿಯಂ. ಆ ಪರೀಕ್ಷೆಯ ಕನ್ನಡ ನನ್ನನ್ನೂ ಬಿಡುತ್ತಿರಲಿಲ್ಲ. ನಾನು ಮಾಡಿದ್ದು ಇಷ್ಟು. ಬರೆಯಬೇಕಾದದ್ದನ್ನು ಗೆಳತಿಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸುವುದು. ಅವಳು ಪೆರ್ಲದವಳು, ಕನ್ನಡ ಬಿಟ್ಟರೆ ಅವಳಿಗೂ ನನಗೂ ಸಲೀಸಾದ ಭಾಷೆ ಬೇರೆ ಇಲ್ಲ. ಅವಳು ನಡುವೆ 'ಎಂತ? ಯಾರು ಹೇಳಿದ್ದು?' ಅಂತ ಕೇಳುತ್ತಾಳೆ. ಅದಕ್ಕೆ ಉತ್ತರ ಕೊಡುತ್ತೇನೆ. ಆಮೇಲೆ ನನ್ನ ವಾಯ್ಸ್ ನಾನೇ ಹಾಕಿಕೊಂಡು ನೋಟ್‌ಬುಕ್ಕಿನಲ್ಲಿ ಇಳಿಸುತ್ತೇನೆ. ಫೋನಿನ ವಾಯ್ಸ್ ಟೈಪಿಂಗ್ ನಂಬಬೇಡಿ, ನಮ್ಮ ಕಡೆಯ ಮಾತಿಗೆ ಅದು ಏನೇನೋ ಬರೆಯುತ್ತದೆ. ಕೈಯಲ್ಲಿ ಇಳಿಸುವಾಗಲೇ ಬೇಡದ್ದು ಉದುರಿಹೋಗುತ್ತದೆ.

ಅದಿರಲಿ, ಮುಳ್ಳೇರಿಯದವರೇ, ನಿಮ್ಮ ಅಪ್ಪ ಡ್ರಮ್ಮಿಗೆ ಚೂರಿ ಅದ್ದಿ ನೋಡುವುದು ಯಾಕೆ? ನನಗೆ ಗೊತ್ತಿರುವುದು ಮೀನು ಕೊಯ್ಯುವ ಚೂರಿ ಮಾತ್ರ. ಅದೊಂದು ಓದಿದಾಗಿನಿಂದ ತಲೆಯಲ್ಲಿ ಕೊರೆಯುತ್ತಾ ಉಂಟು.

ಮುಳ್ಳೇರಿಯ ಲಾಸ್ಟ್ ಬಸ್

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಅಜ್ಜಿಗೆ ಓದಿ ಹೇಳಲು ಹೆದರಿಕೆ. ತಪ್ಪು ಹಿಡಿಯುತ್ತಾರೆ, ಎಲ್ಲರ ಎದುರು ಹೇಳುತ್ತಾರೆ. ಆದರೂ ನೋಡುತ್ತೇನೆ.

ಚೂರಿಯ ವಿಷಯ. ಅಡಿಕೆ ಕೊಳೆತು ಉದುರುವ ಮಹಾಳಿ ರೋಗ ಬಾರದ ಹಾಗೆ ಅಡಿಕೆಗೊನೆಗೆ ಬಿಡುವ ಮದ್ದು ಬೋರ್ಡೋ ದ್ರಾವಣ. ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ. 100 ಲೀಟರ್ ನೀರಿಗೆ ಎರಡೂ ಒಂದೊಂದು ಕಿಲೋ. ಮೈಲುತುತ್ತು ಬೇರೆ ಪಾತ್ರೆಯಲ್ಲಿ ಕರಗಿಸಬೇಕು, ಸುಣ್ಣ ಬೇರೆ ಪಾತ್ರೆಯಲ್ಲಿ. ಮತ್ತೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುವುದು, ತಿರುಗಾಮುರುಗಾ ಮಾಡಬಾರದು. ಅಪ್ಪ ಹೊಯ್ಯುತ್ತಾರೆ, ನಾನು ಉದ್ದದ ಕೋಲಿನಲ್ಲಿ ಕದಡುತ್ತೇನೆ. ಬಣ್ಣ ಒಳ್ಳೆ ಆಕಾಶನೀಲಿಗೆ ಬರುತ್ತದೆ. ಆಗ ಅಪ್ಪ ಉಜ್ಜಿ ಬೆಳಗಿದ ಕಬ್ಬಿಣದ ಚೂರಿ ಒಂದನ್ನು ಅದರೊಳಗೆ ಹಿಡಿಯುತ್ತಾರೆ. ಮಾತಾಡುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಬಿಸಿಲಿಗೆ ಹಿಡಿದು ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲಲಿಲ್ಲ ಅಂತ. ತಾಮ್ರ ಇನ್ನೂ ಬಿಡಿಯಾಗಿ ಉಂಟು, ಹಾಗೆ ಬಿಟ್ಟರೆ ಎಳೆ ಅಡಿಕೆ ಸುಟ್ಟುಹೋಗುತ್ತದೆ. ಇನ್ನಷ್ಟು ಸುಣ್ಣದ ನೀರು ಹೊಯ್ದು ಪುನಃ ಚೂರಿ. ಅಲಗು ಬೆಳ್ಳಗೇ ಬಂದರೆ ಅಪ್ಪ 'ಹ್ಞಾಂ' ಅನ್ನುತ್ತಾರೆ. ಅದು ಕೇಳಿದ ಮೇಲೆಯೇ ಪೈಪು ಎಳೆಯುವುದು.

ಮಾಡಿದ ಮದ್ದು ಅದೇ ದಿನ ಮುಗಿಯಬೇಕು, ನಾಳೆಗೆ ಇಡುವಂತಿಲ್ಲ. ಮಳೆ ಬಂದರೆ ಎಲ್ಲ ಹಾಳು. ಅದಕ್ಕೆ ಆ ದಿನ ಅಪ್ಪನಿಗೆ ಬೇಗ ಸಿಟ್ಟು ಬರುತ್ತದೆ. ಮೊದಲು ಕಾಲಿಗೆ ತಳೆ ಹಾಕಿ ಮರ ಹತ್ತುವವರು ಬರುತ್ತಿದ್ದರು. ಒಂದು ಮರದ ತುದಿಯಿಂದ ಪಕ್ಕದ ಮರಕ್ಕೆ ಬಾಗಿ ದಾಟುತ್ತಿದ್ದರು, ಕೆಳಗೆ ಬರುತ್ತಲೇ ಇರಲಿಲ್ಲ. ಚಹಾ ತಣಿದುಹೋಗುತ್ತಿತ್ತು. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ಬಂದಿದೆ, ನೆಲದಲ್ಲೇ ನಿಂತು ಬಿಡುತ್ತಾರೆ. ಚಹಾ ಬಿಸಿಬಿಸಿ ಕುಡಿಯುತ್ತಾರೆ. ಆದರೆ ನೋಡುವವರಿಗೆ ಕುತ್ತಿಗೆ ನೋವು. ಸಂಜೆ ಮಿಂದು ಬಂದರೂ ಅಪ್ಪನ ಉಗುರಿನ ಸಂದಿಯಲ್ಲಿ ನೀಲಿ ಹೋಗಿರುವುದಿಲ್ಲ. ಊಟಕ್ಕೆ ಕೂತಾಗ ಅಜ್ಜಿ ಚಮಚ ತಂದಿಡುತ್ತಾರೆ, ಅಪ್ಪ ಚಮಚವನ್ನು ಬದಿಗೆ ಸರಿಸುತ್ತಾರೆ. ಪ್ರತಿ ವರ್ಷ ಇದೇ ಜಗಳ.

ಉದ್ದ ಆಯಿತು, ಕ್ಷಮಿಸಿ.

ಚಂದ್ರಗಿರಿ ಸೇತುವೆ

ಅಜ್ಜಿ ಜಗಳದಲ್ಲಿ ಏನು ಹೇಳುತ್ತಾರೆ? ಚಮಚ ಸರಿಸಿದ ಮೇಲೆ?

ಕನ್ನಡ ವಿಭಾಗದ ಪುಟಗಳು

ನಾನು ಇವರ ಮ್ಯಾಗಝಿನ್‌ನ ಕನ್ನಡ ಪುಟ ನೋಡಿಕೊಳ್ಳುವವನು. ಇವರು ಇಲ್ಲಿದ್ದಾರೆ ಅಂತ ಈಗ ಗೊತ್ತಾಯಿತು. ಉಪ್ಪಳದವರು ಹೇಳಿದ ಹಾಗೆ ದಿನ ಹಾಕುತ್ತೇನೆ: ಚೂರಿಯ ಭಾಗ ಶುಕ್ರವಾರ, ಊಟದ ಭಾಗ ಅದರ ಮುಂದಿನ ಶುಕ್ರವಾರ. ಯುನಿಕೋಡ್‌ನಲ್ಲೇ ಕಳಿಸಿ. ಕಳೆದ ಸಲ ಯಾರೋ ಹಳೆ ಫಾಂಟಿನಲ್ಲಿ ಕಳಿಸಿದ ಕಥೆಯಲ್ಲಿ ಒತ್ತಕ್ಷರ ಎಲ್ಲ ಚದುರಿ, ಕೂತು ಮೊದಲಿಂದ ಟೈಪ್ ಮಾಡಿದ್ದೇನೆ. ಫೋಟೋ ಇದ್ದರೆ ಬೇರೆ ಫೈಲಿನಲ್ಲಿ, ವಾಟ್ಸಾಪ್ ಬೇಡ, ಮೇಲ್ ಮಾಡಿ. ಪುಟ ಖಾಲಿ ಇದ್ದರೆ ಕೊಡಿ ಅಂತ ಮಲಯಾಳ ವಿಭಾಗದವರು ಕೇಳುತ್ತಿದ್ದಾರೆ. ಖಾಲಿ ಇಲ್ಲ ಅಂತ ಹೇಳಿ ಆಗಿದೆ.

ಕುಂಬಳೆ ಸ್ಟೇಷನ್

ಬೇರೆ ಕಾಲೇಜಿನವರದ್ದು ತೆಗೆದುಕೊಳ್ಳುತ್ತೀರಾ? ಗುರುವಾರ ರಾತ್ರಿ ಬರೆದು ಕೊಡುತ್ತೇನೆ.

ಕನ್ನಡ ವಿಭಾಗದ ಪುಟಗಳು

ಇಲ್ಲ.