‘ಸಂಘರ್ಷ’ ಅಂದರೆ ಜಗಳವೇ? ಸರಿಯಾದ ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ.

ಸಮಾಜಶಾಸ್ತ್ರವನ್ನು ಹೊಸದಾಗಿ ಓದುವವರಿಗೆಂದು ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಅದರಲ್ಲಿ ‘ಸಂಘರ್ಷ ಸಿದ್ಧಾಂತ’ದ (ಇಂಗ್ಲಿಷಿನ ಕಾನ್‌ಫ್ಲಿಕ್ಟ್ ಥಿಯರಿ) ಅಧ್ಯಾಯವನ್ನು ಗೆಳತಿಯೊಬ್ಬಳಿಗೆ ಓದಲು ಕೊಟ್ಟೆ. ಅಧಿಕಾರ ಇರುವವರ ಹಿತ ಮತ್ತು ಇಲ್ಲದವರ ಹಿತ ಒಂದಕ್ಕೊಂದು ಎದುರಾಗಿರುತ್ತವೆ ಎಂಬ ನೆಲೆಯಿಂದ ಸಮಾಜವನ್ನು ನೋಡುವ ಸಿದ್ಧಾಂತ ಅದು. ಓದಿ ಮುಗಿಸಿ ಅವಳು ಕೇಳಿದ್ದು ಒಂದೇ ಮಾತು: “ಇದರಲ್ಲಿ ಸಂಘರ್ಷ ಎಲ್ಲಿದೆ? ಯಾರೂ ಜಗಳ ಆಡ್ತಾನೇ ಇಲ್ವಲ್ಲ!”

ನಾನು ಕೊಟ್ಟಿದ್ದ ಉದಾಹರಣೆ ಇಷ್ಟೆ. ಒಬ್ಬರು ಬಾಗಿಲ ಹೊರಗೆ ಎರಡು ಗಂಟೆ ಕಾಯುತ್ತಾರೆ. ಒಳಗಿರುವವರು ತಮಗೆ ಬಿಡುವಾದಾಗ ಕರೆಯುತ್ತಾರೆ. ಇಬ್ಬರ ನಡುವೆ ಒಂದು ಬಿರುನುಡಿಯೂ ಇಲ್ಲ. ಕಾದವರೇ ಒಳಗೆ ಹೋಗಿ “ತೊಂದರೆ ಕೊಟ್ಟೆ, ಕ್ಷಮಿಸಿ” ಅನ್ನುತ್ತಾರೆ. ಕಾಯುವುದಕ್ಕೂ ಅಧಿಕಾರಕ್ಕೂ ಇರುವ ಈ ನಂಟನ್ನು ಬ್ಯಾರಿ ಶ್ವಾರ್ಟ್ಸ್ ಎಂಬ ಸಮಾಜಶಾಸ್ತ್ರಜ್ಞರು 1970ರ ದಶಕದಲ್ಲೇ ಬಿಡಿಸಿ ತೋರಿಸಿದ್ದಾರೆ. ಯಾರ ಸಮಯಕ್ಕೆ ಬೆಲೆಯಿದೆ ಎನ್ನುವುದು ಯಾರು ಯಾರನ್ನು ಕಾಯಿಸಬಲ್ಲರು ಎನ್ನುವುದರಲ್ಲಿ ಕಾಣುತ್ತದೆ. ಕನ್ನಡದ ‘ಕಾದೆ’ ಮತ್ತು ‘ಕಾಯಿಸಿದರು’ ಎಂಬ ಎರಡು ಕ್ರಿಯಾಪದಗಳಲ್ಲೇ ಈ ವಿಷಯ ಅಡಗಿದೆ. ‘ಕಾದೆ’ ಅಂದರೆ ಕಾಯಿಸಿದವರು ಮಾತಿನಿಂದಲೇ ಮರೆಯಾಗುತ್ತಾರೆ.

ಇಂಥ ಮೌನದ ಸಂಗತಿಗೆ ‘ಸಂಘರ್ಷ’ ಹೊಂದುತ್ತದೆಯೇ ಎನ್ನುವುದು ನನ್ನ ಪ್ರಶ್ನೆ.

ಪದದ ಬೇರು ನೋಡಿದರೆ ‘ಘೃಷ್’, ಅಂದರೆ ಉಜ್ಜು, ತಿಕ್ಕು. ಇಂಗ್ಲಿಷಿನ ಕಾನ್‌ಫ್ಲಿಕ್ಟ್ ಪದದ ಲ್ಯಾಟಿನ್ ಮೂಲದಲ್ಲಿ ಇರುವುದು ಒಂದಕ್ಕೊಂದು ಬಡಿಯುವ ಅರ್ಥ. ಹಾಗೆ ನೋಡಿದರೆ ನಮ್ಮ ಪದವೇ ಮೆದು. ಆದರೆ ಇವತ್ತಿನ ಪತ್ರಿಕೆಯ ಕನ್ನಡದಲ್ಲಿ ‘ಎರಡು ಗುಂಪುಗಳ ನಡುವೆ ಸಂಘರ್ಷ’ ಎಂದು ಓದಿದರೆ ಕಣ್ಣಿಗೆ ಬರುವುದು ಕಲ್ಲು, ದೊಣ್ಣೆ, ಪೊಲೀಸರು. ‘ಮಾನವ–ವನ್ಯಜೀವಿ ಸಂಘರ್ಷ’ ಎನ್ನುವ ಬಳಕೆಯಲ್ಲಿ ಮಾತ್ರ ಸ್ವಲ್ಪ ಬೇರೆ ಅರ್ಥ ಉಳಿದಿದೆ. ಆನೆಗೆ ಯಾರ ಮೇಲೂ ಹಗೆಯಿಲ್ಲ. ಇಬ್ಬರಿಗೂ ಬೇಕಾದ ನೆಲ ಒಂದೇ, ಒಬ್ಬರಿಗೆ ಹೆಚ್ಚಿದರೆ ಇನ್ನೊಬ್ಬರಿಗೆ ಕಡಿಮೆ, ಅಷ್ಟೆ. ಸಿದ್ಧಾಂತಕ್ಕೆ ಬೇಕಾಗಿರುವುದು ಈ ಅರ್ಥವೇ.

ಇಲ್ಲಿ ಜರ್ಮನ್ ಭಾಷೆಯ ಒಂದು ವಿಷಯ ನೆನಪಾಗುತ್ತದೆ. ಮಾರ್ಕ್ಸ್ ಮತ್ತು ಎಂಗೆಲ್ಸ್ 1848ರಲ್ಲಿ ಬಳಸಿದ ಪದ ‘ಕ್ಲಾಸ್ಸೆನ್‌ಕಾಂಪ್ಫ್’. ಕ್ಲಾಸ್ಸೆ ಅಂದರೆ ವರ್ಗ, ಕಾಂಪ್ಫ್ ಅಂದರೆ ಹೋರಾಟ, ಕಾಳಗ. 1957ರಲ್ಲಿ ಸಮಾಜಶಾಸ್ತ್ರಜ್ಞ ರಾಲ್ಫ್ ಡಾರೆನ್‌ಡಾರ್ಫ್ ತಮ್ಮ ಪುಸ್ತಕದ ಹೆಸರಿನಲ್ಲೇ ಇಟ್ಟುಕೊಂಡದ್ದು ‘ಕ್ಲಾಸ್ಸೆನ್‌ಕಾನ್‌ಫ್ಲಿಕ್ಟ್’. ಇವೆರಡನ್ನೂ ನಾವು ಒಮ್ಮೆ ‘ವರ್ಗ ಸಂಘರ್ಷ’ ಎಂದೂ ಮತ್ತೊಮ್ಮೆ ‘ವರ್ಗ ಹೋರಾಟ’ ಎಂದೂ ಮನಬಂದಂತೆ ಬರೆಯುತ್ತೇವೆ. ಹೀಗೆ ಬೆರೆಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಹೋರಾಡಲು ತಾನು ಹೋರಾಡುತ್ತಿದ್ದೇನೆ ಎಂಬ ಅರಿವು ಬೇಕು. ಡಾರೆನ್‌ಡಾರ್ಫ್ ಹೇಳುವುದು ಅದಕ್ಕೂ ಮುಂಚಿನ ಸ್ಥಿತಿಯನ್ನು. ಅಧಿಕಾರ ಇರುವವರ ಹಿತ ಒಂದು, ಅದಕ್ಕೆ ತಲೆಬಾಗುವವರ ಹಿತ ಇನ್ನೊಂದು. ಆ ಹಿತಗಳು ಯಾರಿಗೂ ಗೊತ್ತಾಗದೆ ಸುಪ್ತವಾಗಿಯೇ ಇರಬಹುದು, ಮುಂದೆಂದೋ ವ್ಯಕ್ತವಾಗಬಹುದು. ‘ಬೂದಿ ಮುಚ್ಚಿದ ಕೆಂಡ’ ಇದಕ್ಕೆ ತುಂಬ ಹತ್ತಿರ. ಆದರೆ ಅದು ವಿವರಣೆಗೆ ಒದಗುವ ನುಡಿ, ಪಾರಿಭಾಷಿಕ ಪದವಾಗಲಾರದು.

ಹಾಗಾದರೆ ‘ತಿಕ್ಕಾಟ’ ಆಗಬಹುದೇ? ಅರ್ಥದಲ್ಲಿ ಸಂಘರ್ಷದ ಜೋಡಿಯೇ ಅದು, ಅಚ್ಚಗನ್ನಡ ಬೇರೆ. ಮೊದಲು ಅದನ್ನೇ ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಅಡ್ಡಿಯಾದದ್ದು ‘ಆಟ’. ಗುದ್ದಾಟ, ಕಿತ್ತಾಟ, ಎಳೆದಾಟ, ಹೊಡೆದಾಟ ಈ ಎಲ್ಲದರಲ್ಲೂ ‘ಆಟ’ ಇಬ್ಬರನ್ನೂ ಸಮನಾಗಿ ನಿಲ್ಲಿಸುತ್ತದೆ. ಒಬ್ಬ ಹೊಡೆದು ಇನ್ನೊಬ್ಬ ಬರೀ ಹೊಡೆಸಿಕೊಂಡಿದ್ದರೂ ‘ಇಬ್ಬರ ನಡುವೆ ಹೊಡೆದಾಟ’ ಎಂದುಬಿಟ್ಟರೆ ಪಾಲು ಅರ್ಧರ್ಧ ಆಗಿಬಿಡುತ್ತದೆ. ಅಸಮಾನತೆಯನ್ನು ವಿವರಿಸಲು ಹೊರಟ ಸಿದ್ಧಾಂತದ ಹೆಸರಿನಲ್ಲೇ ಈ ಸಮಾನತೆ ನುಸುಳುವುದು ನನಗೆ ಒಪ್ಪಿಗೆಯಾಗಲಿಲ್ಲ. ‘ಮುಸುಕಿನ ಗುದ್ದಾಟ’ವೂ ಆಗದು. ಅಲ್ಲಿ ಇಬ್ಬರಿಗೂ ವಿಷಯ ಗೊತ್ತು, ಮುಚ್ಚಿಡುತ್ತಿದ್ದಾರೆ ಅಷ್ಟೆ. ‘ದಬ್ಬಾಳಿಕೆ’ ಒಮ್ಮುಖದ ಪದ, ನಿಜ. ಆದರೆ ಅದು ಹೇಳುವುದು ಮೇಲಿನವರ ನಡತೆಯನ್ನು. ಒಳಗಿದ್ದ ಅಧಿಕಾರಿ ಬಲು ಮೃದು ಸ್ವಭಾವದವರೇ ಇರಬಹುದು. ಆದರೂ ಹೊರಗಿನವರು ಕಾಯಲೇಬೇಕು.

ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ಪದ: ‘ತಾರತಮ್ಯ’. ಸಂಸ್ಕೃತದ ತರ, ತಮ ಎಂಬ ಪ್ರತ್ಯಯಗಳಿಂದ ಆದದ್ದು. ಇನ್ನೂ ಹೆಚ್ಚು, ಎಲ್ಲಕ್ಕಿಂತ ಹೆಚ್ಚು ಎನ್ನುವ ಮೆಟ್ಟಿಲುಗಳು. ದ್ವೈತ ವೇದಾಂತದಲ್ಲಿ ಜೀವರ ನಡುವಣ ತಾರತಮ್ಯ ಒಂದು ತತ್ತ್ವ, ದೂರು ಅಲ್ಲ. ಇಂದಿನ ಕನ್ನಡದಲ್ಲಿ ಅದೇ ಪದ ದೂರಾಗಿದೆ. ‘ವೇತನ ತಾರತಮ್ಯ’ ಎಂದರೆ ಯಾರೋ ಅನ್ಯಾಯ ಮಾಡಿದ್ದಾರೆ ಎಂದು ಕೇಳಿಸುತ್ತದೆ, ‘ವೇತನ ಅಸಮಾನತೆ’ ಎಂದರೆ ಅಂಥದೊಂದು ಸ್ಥಿತಿ ಇದೆ ಎಂದಷ್ಟೇ. ಪುಸ್ತಿಕೆಯಲ್ಲಿ ಸ್ಥಿತಿಗೆ ಅಸಮಾನತೆ, ಕೃತ್ಯಕ್ಕೆ ತಾರತಮ್ಯ ಎಂದು ಬೇರೆಬೇರೆ ಇಟ್ಟಿದ್ದೇನೆ. ತಪ್ಪಿದ್ದರೆ ತಿಳಿಸಿ.

ವೇತನ ಎಂದಾಗ ಕೂಲಿ, ಸಂಬಳ, ಗೌರವಧನ ಕೂಡ ನೆನಪಿಗೆ ಬರುತ್ತವೆ. ಮುಖ್ಯವಾದ ಕೆಲಸಕ್ಕೆ ಹೆಚ್ಚು ಪ್ರತಿಫಲ ಸಿಗುವುದು ಸಮಾಜಕ್ಕೆ ಅಗತ್ಯ ಎಂದು 1945ರಲ್ಲಿ ಡೇವಿಸ್ ಮತ್ತು ಮೂರ್ ಎಂಬ ಸಮಾಜಶಾಸ್ತ್ರಜ್ಞರು ವಾದಿಸಿದರು. ಯಾವ ಕೆಲಸ ಮುಖ್ಯ ಎಂದು ತೀರ್ಮಾನಿಸುವುದು ಹೇಗೆ ಎಂದು 1953ರಲ್ಲಿ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಮೆಲ್ವಿನ್ ಟ್ಯೂಮಿನ್ ತಿರುಗಿ ಕೇಳಿದರು. ಆ ತೀರ್ಮಾನ ನಮ್ಮ ಪದಗಳಲ್ಲೇ ಆಗಿಹೋಗಿದೆ ಅನ್ನಿಸುತ್ತದೆ. ದಿನವಿಡೀ ಮೈಮುರಿದು ದುಡಿದರೆ ಕೂಲಿ, ಕುರ್ಚಿಯ ಮೇಲೆ ಕೂತು ದುಡಿದರೆ ಸಂಬಳ. ‘ಗೌರವಧನ’ ಎಂದರಂತೂ ಅದು ದುಡಿಮೆಯೇ ಅಲ್ಲವೆಂದು ಆಗುತ್ತದೆ, ಹೆಚ್ಚು ಕೇಳುವ ಬಾಯಿಯೂ ಕಟ್ಟುತ್ತದೆ.

ಕೊನೆಗೆ, ಈ ಬಳಗಕ್ಕೆ ಹೆಚ್ಚು ಹತ್ತಿರವಾದ ಒಂದು ವಿಷಯ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ವಿದ್ವಾಂಸರು 1960ರಲ್ಲಿ ಯುರೋಪಿನ ಭಾಷೆಗಳ ನೀನು–ನೀವುಗಳನ್ನು ಅಧ್ಯಯನ ಮಾಡಿದರು. ಮೇಲಿನವರು ‘ನೀನು’ ಅನ್ನುತ್ತಾರೆ, ‘ನೀವು’ ಅನ್ನಿಸಿಕೊಳ್ಳುತ್ತಾರೆ. ಅಧಿಕಾರದ ಗುರುತು ಇರುವುದು ಈ ಒಮ್ಮುಖದಲ್ಲಿ. ಆದರೆ ಫ್ರೆಂಚಿನಲ್ಲಿ ಎದುರಿಗಿಲ್ಲದವರ ಬಗ್ಗೆ ಮಾತಾಡುವಾಗ ಸರ್ವನಾಮದಲ್ಲಿ ಈ ಮೇಲುಕೀಳು ಇಲ್ಲ. ಕನ್ನಡದಲ್ಲಿ ಹಾಗಲ್ಲ. ‘ಡಾಕ್ಟರು ಬಂದರು’, ‘ಕಸ ಗುಡಿಸುವವನು ಬಂದ’. ಆ ಮನುಷ್ಯ ಅಲ್ಲಿಲ್ಲದಿದ್ದರೂ ಏಣಿಯ ಯಾವ ಮೆಟ್ಟಿಲಿನವನು ಎಂದು ಕ್ರಿಯಾಪದದ ತುದಿಯೇ ಹೇಳಿಬಿಡುತ್ತದೆ. ‘ನನ್ನನ್ನು ಏಕವಚನದಲ್ಲಿ ಮಾತಾಡಿಸಿದ’ ಎಂದು ಒಬ್ಬರು ಸಿಟ್ಟಾದಾಗ ವ್ಯಾಕರಣದ ಪದವೊಂದು ಮಾನದ ಪ್ರಶ್ನೆಯಾಗಿರುತ್ತದೆ. ಗೆಳತಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದರೆ ಸಿಟ್ಟಾಗದೇ ಇರುವವರ ಬಗ್ಗೆ ಅಲ್ವಾ ನೀನು ಬರೀತಿರೋದು?” ಅಂದಳು. ಹೌದು, ಅವರ ಬಗ್ಗೆಯೇ.

ಸದ್ಯಕ್ಕೆ ಸಿದ್ಧಾಂತದ ಹೆಸರಿಗೆ ‘ಸಂಘರ್ಷ’ವನ್ನೇ ಉಳಿಸಿ, ಒಳಗಿನ ಪರಿಕಲ್ಪನೆಗೆ ‘ಹಿತವಿರೋಧ’ ಎಂದು ಬರೆಯುತ್ತಿದ್ದೇನೆ. ಇದರ ತೊಡಕೂ ಗೊತ್ತಿದೆ. ‘ಜನರ ಹಿತಕ್ಕೆ ವಿರೋಧವಾದದ್ದು’ ಎಂದು ಯಾರಾದರೂ ಓದಿಕೊಂಡಾರು. ಹಿತಗಳು ಒಂದಕ್ಕೊಂದು ಎದುರಾಗಿವೆ, ತೂಕ ಒಂದು ಕಡೆಗೇ ವಾಲಿದೆ, ಅದು ಹೊರಗೆ ಕಾಣುತ್ತಿಲ್ಲ. ಈ ಮೂರನ್ನೂ ಹೇಳುವ ಪದ ನಿಮ್ಮ ಕಡೆಯ ಮಾತಿನಲ್ಲಿ, ಹಳಗನ್ನಡದಲ್ಲಿ, ಯಾವುದಾದರೂ ಕಸುಬಿನ ನುಡಿಯಲ್ಲಿ ಇದೆಯೇ? ‘ಆಟ’ದಲ್ಲಿ ಕೊನೆಯಾಗದ ಪದ ಸಿಕ್ಕರೆ ಇನ್ನೂ ಒಳ್ಳೆಯದು.