ಉಣ್ಣೆ ಜೊತೆ ಬೆರೆಸೋ ‘ಫರ್’ಗೆ ಏನನ್ನೋಣ? ತುಪ್ಪಳ ಸರಿಯಾಗುತ್ತಾ?

ಎಲ್ರಿಗೂ ನಮಸ್ಕಾರ. ಒಂದೇ ಒಂದು ಪದದಲ್ಲಿ ಎರಡು ದಿನದಿಂದ ಸಿಕ್ಕಾಕ್ಕೊಂಡಿದೀನಿ. ಸ್ವೆಟರ್, ಟೋಪಿ, ಕೈಗವಸು ಇವನ್ನೆಲ್ಲ ಆರಿಸೋವಾಗ ಏನೇನ್ ನೋಡ್ಬೇಕು ಅಂತ ಒಂದು ಬರಹ ಬರೀತಿದೀನಿ, ಅದೂ ಪ್ರಾಣಿಗಳಿಂದ ಬರೋ ನೂಲಿಂದು ಮಾತ್ರ. ಲೇಬಲ್ ಮೇಲೆ ‘ಮೆರಿನೊ ವುಲ್, ಪಾಸಮ್ ಫರ್, ಸಿಲ್ಕ್’ ಅಂತ ಇರುತ್ತೆ (ಮೆರಿನೊ ಒಂದು ಕುರಿ ತಳಿ, ಪಾಸಮ್ ಹೊಟ್ಟೆಚೀಲ ಇರೋ ಒಂದು ಸಣ್ಣ ಕಾಡುಪ್ರಾಣಿ). ವುಲ್ ಉಣ್ಣೆ ಆಯ್ತು, ಸಿಲ್ಕ್ ರೇಷ್ಮೆ ಆಯ್ತು, ನಡುವಿನ ಆ ಫರ್‌ದೇ ತಲೆನೋವು.

ಮೊದಲು ತುಪ್ಪಳ ಅಂತ ಬರೆದೆ. ಓದಿ ನೋಡು ಅಂತ ಸ್ನೇಹಿತೆಗೆ ಕೊಟ್ರೆ ಅವಳು ‘ಥೂ, ಇದ್ರೊಳಗೆ ಚರ್ಮ ಸೇರಿಸಿ ಹೊಲಿದಿರ್ತಾರಾ?’ ಅಂದ್ಲು. ಅವಳದ್ದೇನೂ ತಪ್ಪಿಲ್ಲ, ತುಪ್ಪಳದ ಕೋಟು ಅಂತ ಓದಿ ಓದಿ ನಮಗೆ ಆ ಪದದ ಜೊತೆ ತೊಗಲೂ ಅಂಟ್ಕೊಂಡೇ ಬರುತ್ತೆ. ಆದ್ರೆ ಹಳೇ ಅರ್ಥ ನೋಡಿದ್ರೆ ತುಪ್ಪಳ ಅಂದ್ರೆ ಮೆತ್ತನೆ ಕೂದಲು, ಹಕ್ಕಿಯ ಸಣ್ಣ ಪುಕ್ಕಕ್ಕೂ ಬಳಸ್ತಾರೆ, ಅದ್ರಲ್ಲಿ ಚರ್ಮದ ಮಾತೇ ಇಲ್ಲ. ಈ ಬಟ್ಟೇಲೂ ಚರ್ಮ ಇರಲ್ಲ, ಕೂದಲನ್ನ ಬೇರೆ ಮಾಡಿ ಉಣ್ಣೆ ಜೊತೆ ಬೆರೆಸಿ ನೂಲು ತೆಗೆದು ಹೆಣೀತಾರೆ ಅಷ್ಟೆ. ಬೆರೆಸೋದಕ್ಕೂ ಕಾರಣ ಇದೆ. ಪಾಸಮ್ ಆಗ್ಲಿ ಮೊಲ ಆಗ್ಲಿ, ಕೂದಲು ನುಣುಪು, ಪಾಸಮ್‌ದಂತೂ ಗಿಡ್ಡ, ಅದೊಂದನ್ನೇ ನೂತ್ರೆ ಹಿಡಿದು ನಿಲ್ಲೋದು ಕಷ್ಟ, ಜಾರುತ್ತೆ, ಉದುರುತ್ತೆ. ಕುರಿ ಉಣ್ಣೆಗೆ ಮೇಲೆ ಪೊರೆ ಪೊರೆ ಇರೋದ್ರಿಂದ ಅದು ಕಚ್ಚಿ ಹಿಡ್ಕೊಳ್ಳುತ್ತೆ. (ಬಿಸಿನೀರಲ್ಲಿ ಹಾಕಿ ಉಜ್ಜಿದ್ರೆ ಸ್ವೆಟರ್ ಕುಗ್ಗಿ ಮಗುವಿನ ಅಳತೆಗೆ ಬರೋದೂ ಅದೇ ಪೊರೆಯಿಂದಾನೇ.)

ಹಾಗಾದ್ರೆ ಎಲ್ಲಾನೂ ಉಣ್ಣೆ ಅಂದ್ಬಿಡೋಣ ಅಂತೀರಾ? ಅದೂ ಸಲೀಸಲ್ಲ. ಯುರೋಪ್ ಒಕ್ಕೂಟದ 2011ರ ಲೇಬಲ್ ನಿಯಮದಲ್ಲಿ ಬರೀ ‘ವುಲ್’ ಅಂದ್ರೆ ಕುರಿದು, ಇಲ್ಲಾ ಕುರಿದರ ಜೊತೆ ಬೇರೆ ಕೆಲವು ಪ್ರಾಣಿಗಳ ಕೂದಲು ಬೆರೆಸಿದ್ದು, ಪೂರ್ತಿ ಬೇರೆ ಪ್ರಾಣಿದಾದ್ರೆ ಬರೀ ‘ವುಲ್’ ಅಂತ ಹಾಕೋ ಹಾಗಿಲ್ಲ. ಅಮೆರಿಕದ 1939ರ ಉಣ್ಣೆ ಕಾಯಿದೆ ಪ್ರಕಾರ ಕಾಶ್ಮೀರಿ ಮೇಕೆ, ಅಂಗೋರಾ ಮೇಕೆ ಕೂದಲೂ ವುಲ್ಲೇ, ಆದ್ರೆ ಮೊಲದ್ದು ಸೇರಲ್ಲ, ಅದಕ್ಕೆ ಅಲ್ಲಿಯ ಲೇಬಲ್ ನಿಯಮದಲ್ಲಿ ‘ಫರ್ ಫೈಬರ್’ ಅಂತ ಬೇರೆ ಹೆಸರಿದೆ. ನೋಡಿ, ಅವರಿಗೂ ಬರೀ ಫರ್ ಅಂದ್ರೆ ಸಾಲ್ಲಿಲ್ಲ, ಪಕ್ಕದಲ್ಲಿ ಇನ್ನೊಂದು ಪದ ಕಟ್ಕೊಂಡ್ರು. ನಮ್ಮ ಉಣ್ಣೆ ಸಂಸ್ಕೃತದ ಊರ್ಣದಿಂದ ಬಂದಿದ್ದು, ಇಂಗ್ಲಿಷಿನ ವುಲ್ ಕೂಡ ದೂರದಿಂದ ಅದಕ್ಕೆ ದಾಯಾದಿ. ಊರ್ಣನಾಭ ಅಂದ್ರೆ ಜೇಡ, ಹೊಕ್ಕುಳಲ್ಲಿ ಉಣ್ಣೆ ಇಟ್ಕೊಂಡೋನು! ಜೇಡಕ್ಕೇ ಸಲ್ಲೋ ಪದ ಮೊಲಕ್ಕೆ ಯಾಕೆ ಸಲ್ಲಬಾರದು ಅಂತ ಒಂದು ಮನಸ್ಸು ಹೇಳುತ್ತೆ, ಆದ್ರೆ ಕೊಳ್ಳೋನಿಗೆ ಅದ್ರಿಂದ ಮೋಸ ಆಗುತ್ತೆ.

ಯಾಕಂದ್ರೆ ಅಂಗೋರಾ ಅನ್ನೋದೇ ಒಂದು ಗೋಜಲು. ಅಂಕಾರಾ ಊರಿನ ಹಳೇ ಹೆಸರದು. ಅಂಗೋರಾ ಮೊಲದಿಂದ ಬರೋದು ಅಂಗೋರಾ, ಅಂಗೋರಾ ಮೇಕೆಯಿಂದ ಬರೋದು ಮೊಹೇರ್. ಮೊಲದ್ದರ ಎಳೆ ದಪ್ಪ ಸುಮಾರು 12ರಿಂದ 16 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಬಲು ನಯ, ಕಪ್ಪು ಬಟ್ಟೆ ಮೇಲೆಲ್ಲ ಉದುರುತ್ತೆ. ಮೊಹೇರ್ ಅದಕ್ಕಿಂತ ದಪ್ಪ, ಹೊಳಪು ಜಾಸ್ತಿ, ಬಾಳಿಕೆ ಜಾಸ್ತಿ. ಎರಡಕ್ಕೂ ‘ಅಂಗೋರಾ ಉಣ್ಣೆ’ ಅಂತ ಬರೆದ್ರೆ ಓದೋರು ಏನನ್ನ ತಗೋಬೇಕು? ಮೈಗೆ ಚುಚ್ಚುತ್ತೋ ಇಲ್ವೋ ಅನ್ನೋದು ಬಹುಪಾಲು ಎಳೆಯ ದಪ್ಪದ ಮೇಲೇ ನಿಂತಿರುತ್ತೆ, 30 ಮೈಕ್ರಾನ್ ದಾಟಿದ ತುದಿಗಳು ಕುತ್ತಿಗೆ ಹತ್ರ ಚುಚ್ಚೋಕೆ ಶುರು ಮಾಡ್ತವೆ. ಹಾಗಾಗಿ ಯಾವ ಪ್ರಾಣಿ ಅಂತ ಹೇಳದ ಪದ ನನಗೆ ಬೇಡ.

ಪಾಸಮ್‌ಗೂ ಕನ್ನಡದಲ್ಲಿ ಹೆಸರಿಲ್ಲ. ಕೆಲವರು ಒಪಾಸಮ್ ಅಂತಾನೂ ಬರೀತಾರೆ, ಅದು ಅಮೆರಿಕಾ ಖಂಡದ ಬೇರೆ ಪ್ರಾಣಿ. ನೂಲಿಗೆ ಬರೋದು ಆಸ್ಟ್ರೇಲಿಯಾದ್ದು, 1837ರಲ್ಲಿ ತುಪ್ಪಳದ ವ್ಯಾಪಾರಕ್ಕೆ ಅಂತ ನ್ಯೂಜಿಲೆಂಡಿಗೆ ತಂದುಬಿಟ್ರು, ಈಗ ಅಲ್ಲಿ ಕಾಡಿಗೂ ಹಕ್ಕಿಗಳಿಗೂ ಪೀಡೆಯಾಗಿದೆ, ತನ್ನ ಮೂಲ ನೆಲದಲ್ಲಿ ಮಾತ್ರ ಅದಕ್ಕೆ ಕಾನೂನಿನ ರಕ್ಷಣೆ. ನ್ಯೂಜಿಲೆಂಡಲ್ಲಿ ಪೀಡೆ ಅಂತ ಅದನ್ನ ಕೊಲ್ತಾರೆ, ಅಂದ್ರೆ ಇದು ಕುರಿ ಥರ ಕತ್ತರಿಸಿ ಬಿಟ್ಟ ಕೂದಲಲ್ಲ, ಕೊಂದ ಪ್ರಾಣಿಯಿಂದ ಕಿತ್ತದ್ದು. ಇದನ್ನ ಉಣ್ಣೆ ಅಂತ ಕರೆದ್ರೆ ಆ ವಿಷ್ಯ ಮುಚ್ಚಿಹೋಗುತ್ತಲ್ಲ ಅನ್ನೋದೂ ನನ್ನ ತಕರಾರು. ತುಪ್ಪಳ ಅನ್ನೋ ಪದ ಇಲ್ಲಿ ಒಂಚೂರು ಮುಜುಗರ ಕೊಟ್ರೆ ಕೊಡ್ಲಿ ಬಿಡಿ.

ಫೈಬರ್‌ಗೆ ನಾರು ಅಂತ ಪಠ್ಯಪುಸ್ತಕದಲ್ಲಿದೆ, ಆದ್ರೆ ನನ್ನ ಕಿವಿಗೆ ನಾರು ಅಂದ್ರೆ ಬಾಳೆಪಟ್ಟೆ, ಸೆಣಬು, ತೆಂಗು. ಮೊಲದ ನಾರು ಅಂದ್ರೆ ನಗು ಬರುತ್ತೆ. ಎಳೆ ಅನ್ನೋದೇ ಚೆಂದ ಅನ್ಸುತ್ತೆ. ಸದ್ಯಕ್ಕೆ ನಾನು ಇಟ್ಕೊಂಡಿರೋದು: ಕುರಿದಾದ್ರೆ ಬರೀ ಉಣ್ಣೆ, ಮೇಕೆದಾದ್ರೆ ಮೇಕೆ ಉಣ್ಣೆ, ಮೊಲ ಪಾಸಮ್ ಇತ್ಯಾದಿಗೆ ಮೊಲದ ತುಪ್ಪಳದೆಳೆ, ಪಾಸಮ್ ತುಪ್ಪಳದೆಳೆ. ಲೇಬಲ್‌ಗೆ ಉದ್ದ ಆಯ್ತೇನೋ. ಕಂಬಳೀಲಿ ಕೂತು ಕೂದಲು ಆರಿಸ್ತಿದೀಯ ಅಂತ ನಗಬೇಡಿ, ಇಲ್ಲಿ ಕೆಲಸಾನೇ ಕೂದಲು ಆರಿಸೋದು.

ತುಪ್ಪಳದೆಳೆ ಅಂತ ಓದಿದ ತಕ್ಷಣ ನಿಮಗೂ ಚರ್ಮ ನೆನಪಾಗುತ್ತಾ? ಹೆಣಿಗೆ ಕೆಲಸ ಮಾಡೋರು ಮನೇಲಿದ್ರೆ ಅವರ ಬಾಯಲ್ಲಿ ಏನು ಬರುತ್ತೆ ಅಂತ ಕೇಳಿ ಹೇಳಿ, ನಿಘಂಟಿಗಿಂತ ನನಗೆ ಅದೇ ಬೇಕಾಗಿರೋದು.