ಶೊಶೋನಿ ಜನ ಬೇಸಾಯ ಇಲ್ಲದೆ ಒಣ ನೆಲದಲ್ಲಿ ಬದುಕಿದ್ದು ಹೇಗೆ?

ಪೆರ್ಲದ ಟೀಚರ್:
ನಮಸ್ಕಾರ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತೇನೆ. ಎಂಟನೇ ಕ್ಲಾಸಿನವರು ಅಮೆರಿಕದ ಮೂಲನಿವಾಸಿಗಳ ಚಾರ್ಟ್ ಮಾಡುತ್ತಿದ್ದಾರೆ, ಒಂದು ಗುಂಪಿಗೆ ಶೊಶೋನಿ ಸಿಕ್ಕಿದೆ. ಮಕ್ಕಳು ಬಿಡಿಸಿದ್ದು ಕುದುರೆ, ಕಾಡೆಮ್ಮೆ, ಗರಿ ಕಿರೀಟ. ನಾನು ಓದಿದ ಕಡೆ ಮಾತ್ರ ನೆವಾಡದಲ್ಲಿ ಬೀಜ ಆಯ್ದು ತಿನ್ನುತ್ತಿದ್ದ ಬಡ ಅಲೆಮಾರಿಗಳು ಅಂತ ಇದೆ. ಯಾವುದು ಸರಿ?

ಮುಳ್ಳೇರಿಯ ಹುಡುಗ:
ಕುದುರೆಯೂ ಸರಿ, ಬೀಜವೂ ಸರಿ ಟೀಚರ್. ಪಶ್ಚಿಮ ಅಮೆರಿಕದ ನೆವಾಡ, ಯೂಟಾ, ಐಡಾಹೊ, ವ್ಯೋಮಿಂಗ್ ರಾಜ್ಯಗಳ ತನಕ ಹರಡಿದ ಜನ ಅವರು. ಸ್ಪ್ಯಾನಿಷರ ಕುದುರೆಗಳು ಸುಮಾರು 1700ರ ಹೊತ್ತಿಗೆ ಕೈಗೆ ಬಂದವು. ಪೂರ್ವದವರು ಅದನ್ನು ಹತ್ತಿ ಕಾಡೆಮ್ಮೆ ಹಿಂದೆ ಹೋದರು, ಅವರದೇ ಒಂದು ಕವಲು ದಕ್ಷಿಣಕ್ಕೆ ಇಳಿದು ಕೊಮಾಂಚಿ ಎಂಬ ಬೇರೆ ಬುಡಕಟ್ಟು ಆಯಿತು. ಪಶ್ಚಿಮದಲ್ಲಿ ಕುದುರೆ ಸಾಕಿದರೆ ನಷ್ಟವೇ ಜಾಸ್ತಿ. ಜನ ಬೀಜ ಉದುರಿಸಿಕೊಳ್ಳುವ ಹುಲ್ಲನ್ನೇ ಅದು ಮೇಯುತ್ತದಲ್ವಾ?

ಬೇಳದಿಂದ:
"ಬಡ ಅಲೆಮಾರಿ" ಅನ್ನುವುದನ್ನು ಚಾರ್ಟ್‌ನಿಂದ ತೆಗೆದುಬಿಡಿ ಮಾರಾಯ್ರೇ. ಸುಮ್ನೆ ತಿರುಗಿದವರಲ್ಲ ಅವರು, ಯಾವ ಕಣಿವೆಯಲ್ಲಿ ಏನು ಯಾವಾಗ ಹಣ್ಣಾಗುತ್ತದೆ ಅಂತ ಲೆಕ್ಕ ಇಟ್ಟು ಹೋದವರು. ಮುಖ್ಯವಾದದ್ದು ಪಿನ್ಯೋನ್ ಪೈನ್ ಮರದ ಬೀಜ. ಶರತ್ಕಾಲದಲ್ಲಿ ಉದ್ದ ಕೋಲಿನಿಂದ ಕಾಯಿ ಕೆಡವಿ, ಸುಟ್ಟು, ಬೀಜ ಬಿಡಿಸುತ್ತಿದ್ದರು. ಆಮೇಲೆ ತಡಪೆಯಂಥ ಬುಟ್ಟಿಗೆ ಬೀಜದ ಜೊತೆ ಕೆಂಡವನ್ನೇ ಹಾಕಿ ಹುರಿಯುವುದು. ಒಂದು ಕ್ಷಣ ಅಲುಗಿಸದೆ ಬಿಟ್ಟರೂ ಬುಟ್ಟಿ ಸುಡುತ್ತದೆ, ಹೆಂಗಸರ ಕೈಚಳಕ ನೋಡಿ! ಸಿಪ್ಪೆ ತೆಗೆದು, ಕೇರಿ, ಕಲ್ಲಲ್ಲಿ ಅರೆದರೆ ಗಂಜಿಗೆ ಹಿಟ್ಟು. ನಾವು ಮಳೆಗಾಲಕ್ಕೆ ಸಾಂತಾಣಿ ಒಣಗಿಸಿ ಇಡುವ ಹಾಗೆ ಅವರಿಗೆ ಇದು ಚಳಿಗಾಲದ ದಾಸ್ತಾನು. ಆದರೆ ಒಂದೇ ತೋಪಿನಲ್ಲಿ ವರ್ಷ ವರ್ಷವೂ ಫಸಲು ಬರುವುದಿಲ್ಲ. ಫಸಲು ಇದ್ದ ತೋಪಿಗೆ ಹೋಗಬೇಕು, ಅದಕ್ಕೇ ಈ ವರ್ಷದ ನೆರೆಮನೆಯವರು ಮುಂದಿನ ವರ್ಷ ಬೇರೆಯವರಾಗಬಹುದು.

ಇನ್ನೊಂದು, ಮೊಲದ ಬೇಟೆ. ಹಲವು ಕುಟುಂಬ ಸೇರಿ ಉದ್ದಕ್ಕೆ ಬಲೆ ಕಟ್ಟಿ ಮೊಲಗಳನ್ನು ಅಟ್ಟುತ್ತಿದ್ದರು. ಚರ್ಮವನ್ನು ಪಟ್ಟಿ ಪಟ್ಟಿ ಮಾಡಿ ಹೆಣೆದರೆ ಕಂಬಳಿ. ಕುಣಿತ, ಹೆಣ್ಣು ಗಂಡು ನೋಡುವುದು ಎಲ್ಲ ಇಂಥ ಸೇರುವಿಕೆಯಲ್ಲೇ.

ಪೆರ್ಲದ ಟೀಚರ್:
ತುಂಬ ಉಪಕಾರ. ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಜೊತೆ ಹೋದ ಸಕಾಜವಿಯಾ ಇವರವಳೇ ಅಲ್ವಾ?

ಮುಳ್ಳೇರಿಯ ಹುಡುಗ:
ಹೌದು, ಐಡಾಹೊ ಕಡೆಯ ಲೆಮ್ಹಾಯ್ ಶೊಶೋನಿ. ಅಲ್ಲಿಯವರಿಗೆ ಸಾಲ್ಮನ್ ಮೀನು, ಕೋಲಿನಿಂದ ಅಗೆದ ಕಮಾಸ್ ಗಡ್ಡೆ. ಚಿಕ್ಕವಳಿದ್ದಾಗ ಅವಳನ್ನು ಹಿಡಾಟ್ಸಾ ಎಂಬ ಇನ್ನೊಂದು ಬುಡಕಟ್ಟಿನವರು ಹೊತ್ತೊಯ್ದಿದ್ದರು. 1805ರಲ್ಲಿ, ಪಶ್ಚಿಮದ ಸಮುದ್ರದ ತನಕ ದಾರಿ ಹುಡುಕಲು ಅಮೆರಿಕ ಸರ್ಕಾರ ಕಳಿಸಿದ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಜೊತೆ ಬಂದಾಗ ಎದುರಿಗೆ ಸಿಕ್ಕ ಮುಖ್ಯಸ್ಥ ಕಮಿಯಾವೈಟ್ ಅವಳ ಅಣ್ಣನೇ! ತಂಡಕ್ಕೆ ಬೆಟ್ಟ ದಾಟಲು ಕುದುರೆ ಸಿಕ್ಕಿದ್ದು ಆ ಜನರಿಂದ.

ಗಡಿನಾಡಿನವ:
ಊಟದ ಕಥೆ ಆಯಿತು, ಆ ಊಟ ಹೋದದ್ದು ಹೇಗೆ ಅಂತಲೂ ಮಕ್ಕಳಿಗೆ ಹೇಳಿ. ವಲಸೆ ಬಂದ ಬಿಳಿಯರ ದನಗಳು ಹುಲ್ಲು ಮೇದು ಮುಗಿಸಿದವು, ಬೇಟೆ ಇಲ್ಲವಾಯಿತು, ಹಸಿವಿಗೆ ಜಗಳ ಶುರುವಾಯಿತು. 1863ರ ಜನವರಿ 29ರಂದು ಈಗಿನ ಐಡಾಹೊದ ಬೇರ್ ನದಿಯ ಹತ್ತಿರ ಅಮೆರಿಕ ಸೇನೆಯ ಕರ್ನಲ್ ಕಾನರ್‌ನ ಸೈನಿಕರು ಶೊಶೋನಿಗಳ ಚಳಿಗಾಲದ ಬಿಡಾರದ ಮೇಲೆ ಬಿದ್ದರು. ಸತ್ತವರು 250ರಿಂದ 400 ಅಂತ ಅಂದಾಜು, ಹೆಂಗಸರು ಮಕ್ಕಳು ಸೇರಿ. ನಮ್ಮ ಪಠ್ಯದಲ್ಲಿ ಇದರ ಸುದ್ದಿಯೇ ಇಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ. ಆ ಜಾಗವನ್ನು ವಾಯವ್ಯ ಶೊಶೋನಿಗಳು 2018ರಲ್ಲಿ ಹಣ ಕೊಟ್ಟು ಕೊಂಡುಕೊಂಡರು.

ಪೂರ್ವದ ಶೊಶೋನಿಗಳಿಗೆ ಅಮೆರಿಕ ಸರ್ಕಾರದ ಜೊತೆಗಿನ 1868ರ ಫೋರ್ಟ್ ಬ್ರಿಜರ್ ಒಪ್ಪಂದದಲ್ಲಿ ವಿಂಡ್ ರಿವರ್ ಮೀಸಲು ಪ್ರದೇಶ ಸಿಕ್ಕಿತು, ಆಗ ಮುಖ್ಯಸ್ಥ ವಾಷಾಕಿ. ಪಶ್ಚಿಮದವರ 1863ರ ರೂಬಿ ವ್ಯಾಲಿ ಒಪ್ಪಂದದಲ್ಲಿ ದಾರಿ, ಗಣಿಗಳಿಗೆ ಒಪ್ಪಿಗೆ ಇದೆ, ನೆಲ ಬಿಟ್ಟುಕೊಟ್ಟ ಮಾತಿಲ್ಲ. ಆದರೂ ನೆಲ ಹೋಯಿತು. 1979ರಲ್ಲಿ ಸುಮಾರು 2.6 ಕೋಟಿ ಡಾಲರ್ ಪರಿಹಾರ ಅಂತ ತೀರ್ಮಾನ ಆದಾಗ, ತೆಗೆದುಕೊಂಡರೆ ಮಾರಿದ ಹಾಗೆ ಆಗುತ್ತದೆ ಅಂತ ವರ್ಷಗಟ್ಟಲೆ ಮುಟ್ಟಲೇ ಇಲ್ಲ.